ಮೊದಲು ರಟ್ಟು, ಆಮೇಲೆ ಗ್ಯಾರೇಜು

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಎಪಿಎಂಸಿ ಸುತ್ತ ನಿಂತ ಹಳೇ ಗೂಡ್ಸ್ ಗಾಡಿಗಳ ಕೆಳಗೆ ಒಮ್ಮೆ ಬಗ್ಗಿ ನೋಡ್ರಿ. ಅಲ್ಲಲ್ಲಿ ಸೋರಿದ ಇಂಜಿನ್ ಆಯಿಲಿನ ಕರಿ ಹನಿ. ಸೀಸನ್ನಿನಲ್ಲಿ ಗಾಡಿ ಗ್ಯಾರೇಜಿಗೆ ಬಿಟ್ಟರೆ ಬಾಡಿಗೆ ಹೋಯ್ತು. ಹಂಗಾಗಿ ಹಾವೇರಿಯಲ್ಲಿ ಅರ್ಧ ಲೀಟರ್, ರಾಣೆಬೆನ್ನೂರಲ್ಲಿ ಮತ್ತರ್ಧ ಸುರಿದು ಓಡಿಸೋರು ಇದ್ದಾರೆ. ಆ ಆಯಿಲ್ ದುಡ್ಡು ಕೂಡಿಸಿದರೆ ಎಷ್ಟು ಸಲ ಪ್ಯಾಕಿಂಗ್ ಹಾಕಿಸಬಹುದಿತ್ತೋ!

ಇಂಜಿನ್ ಒರೆಸಿ, ರಾತ್ರಿ ಕೆಳಗೊಂದು ರಟ್ಟು ಹಾಸಿದರೆ ಹನಿ ಎಲ್ಲಿ, ಎಷ್ಟು ಬೀಳುತ್ತೆ ಅಂತ ಪುಕ್ಕಟೆ ಗೊತ್ತಾಗುತ್ತೆ. ಆದರೆ ಮೂಲ ಹುಡುಕೋದು ಮೇಲಿಂದ. ಆಯಿಲ್ ಇಳಿಜಾರು ಹಿಡಿದು ಹರಿದು, ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತೆ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್, ಸಡಿಲಾದ ಫಿಲ್ಟರ್ ಆಗಿದ್ದರೆ ಪುಣ್ಯ, ಖರ್ಚು ಸಣ್ಣದು. ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿಸಿ. ಒಳಗೆ ಒತ್ತಡ ಏರಿದರೆ ಹೊಸ ಸೀಲೂ ಸೋರುತ್ತೆ.

ಬಡವನ ಜೇಬಿಗೆ ಕತ್ತರಿ ಹಾಕೋದು ಕ್ರ್ಯಾಂಕಿನ ಹಿಂದಿನ ಸೀಲ್. ಸೀಲ್ ಅಗ್ಗ, ಗೇರ್‌ಬಾಕ್ಸ್ ಇಳಿಸೋ ಕೂಲಿ ದುಬಾರಿ. ಹನಿ ನಿಧಾನವಿದ್ದರೆ ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡುತ್ತ ಸುಗ್ಗಿ ದಾಟಿಸಬಹುದು, ನನಗಂತೂ ಅದರಲ್ಲಿ ತಪ್ಪು ಕಾಣಲ್ಲ. ಮುಂದೆ ಕ್ಲಚ್ ಪ್ಲೇಟ್ ಹಾಕಿಸೋ ದಿನವೇ ಸೀಲನ್ನೂ ಹಾಕಿಸಿದರೆ ಕೂಲಿ ಒಂದೇ. ಆದರೆ ಆಯಿಲ್ ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆ ಬರ್ತಿದ್ದರೆ, ಇಲ್ಲಾ ಆಯಿಲ್ ಲೈಟ್ ಹತ್ತಿದರೆ, ಬಾಡಿಗೆ ಹೋದರೂ ಹೋಗಲಿ, ಹೆದ್ದಾರಿ ಪಕ್ಕಕ್ಕೇ ನಿಲ್ಲಿಸಿಬಿಡ್ರಿ.