ಮದುವೆಯ ಊರು

ವಧುವಿನ ಊರಿನಲ್ಲೋ ವರನ ಊರಿನಲ್ಲೋ ಮದುವೆ ನಡೆಸುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಈಗ ಇಬ್ಬರದೂ ಅಲ್ಲದ ಮೂರನೆಯ ಊರನ್ನು ಆರಿಸಿಕೊಂಡು, ಬಂಧುಬಳಗವನ್ನೆಲ್ಲ ಅಲ್ಲಿಗೆ ಕರೆದೊಯ್ಯುವ ‘ಡೆಸ್ಟಿನೇಷನ್ ವೆಡ್ಡಿಂಗ್’ ಬಂದಿದೆ. ಉದಯಪುರ, ಗೋವೆಗಳ ಹೆಸರನ್ನು ನೀವೂ ಕೇಳಿರುತ್ತೀರಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗಳೂ ಗೋವೆಯ ಕಡಲತೀರದಲ್ಲೇ ಮದುವೆಯಾಗಬೇಕೆಂದು ಆಸೆಪಟ್ಟಿದ್ದಳು. ವರನ ಮನೆಯವರು ಮುಂಬಯಿಯಲ್ಲಿ ನೆಲೆಸಿದವರು, ಅವರಿಗೂ ಒಪ್ಪಿಗೆಯಿತ್ತು.

ಎರಡು ತೊಡಕುಗಳು ಎದುರಾದವು. ಕಥೋಲಿಕರಾದ ನಮಗೆ ವಿವಾಹವು ಸಮಾರಂಭ ಮಾತ್ರವಲ್ಲ, ಸಂಸ್ಕಾರ. 1983ರ ಧರ್ಮಸಭಾ ಸಂಹಿತೆಯ 1118ನೆಯ ನಿಯಮದಂತೆ ಇಬ್ಬರು ಕಥೋಲಿಕರ ವಿವಾಹವು ಧರ್ಮಕೇಂದ್ರದ ದೇವಾಲಯದಲ್ಲಿ ನಡೆಯಬೇಕು. ಅನುಮತಿ ಪಡೆದು ಬೇರೆ ದೇವಾಲಯದಲ್ಲಿ ನಡೆಸಬಹುದು. ದೇವಾಲಯದ ಹೊರಗೆಂದರೆ ಸ್ಥಳೀಯ ಧರ್ಮಾಧ್ಯಕ್ಷರೇ ಒಪ್ಪಬೇಕು. ಎರಡನೆಯ ತೊಡಕು ನನ್ನ ತಾಯಿ. ಸೊರಬದ ಆಚೆಯ ಹಳ್ಳಿಯಲ್ಲಿರುವ ಅವರಿಗೆ 84 ವರ್ಷ. “ನೀವು ಹೋಗಿ ಬನ್ನಿ, ನನಗೆ ಫೋಟೊ ತೋರಿಸಿದರೆ ಸಾಕು” ಎಂದರು. ಆ ‘ಸಾಕು’ ಎಂಬ ಮಾತು ಮೊಮ್ಮಗಳ ಮನಸ್ಸನ್ನು ಕಲಕಿತು. “ಮಾವ, ಶಿಕಾರಿಪುರದಲ್ಲೇ ಮಾಡೋಣ. ಬರುವವರು ಅಲ್ಲಿಗೇ ಬರಲಿ” ಎಂದಳು.

ನಾನು ನಿವೃತ್ತ ಶಿಕ್ಷಕ. ವೇಳಾಪಟ್ಟಿ ಬರೆಯುವುದು ನನಗೆ ರೂಢಿ. ಹೊಣೆ ನನ್ನದಾಯಿತು. ಇಂಥ ಮದುವೆಯನ್ನು ಯೋಜಿಸುವವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ. ಮೊದಲನೆಯದು ಕಾಲ. ತಪಸ್ಸುಕಾಲದಲ್ಲಿ ನಾವು ಮದುವೆ ಇಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ಮಳೆ. ಅಡಿಕೆ ಕೊಯ್ಲಿನ ಭರದಲ್ಲಿ ಚಪ್ಪರ ಹಾಕಲು ಆಳು ಸಿಗುವುದಿಲ್ಲ. ಹೀಗೆ ಕಳೆಯುತ್ತ ಕಳೆಯುತ್ತ ನಮಗೆ ಜನವರಿಯ ಕೊನೆಯ ವಾರ ಉಳಿಯಿತು. ಎರಡನೆಯದು ಕಾಗದಪತ್ರ. ಜ್ಞಾನಸ್ನಾನದ ಹೊಸ ಪ್ರಮಾಣಪತ್ರ, ವಿವಾಹ ಸಿದ್ಧತಾ ಶಿಬಿರದ ಪತ್ರ, ಇಬ್ಬರ ಧರ್ಮಕೇಂದ್ರಗಳಲ್ಲೂ ಭಾನುವಾರಗಳಂದು ವಿವಾಹ ಪ್ರಕಟಣೆ, ಅಲ್ಲಿಯ ಗುರುಗಳ ಒಪ್ಪಿಗೆ ಪತ್ರ, ಇವೆಲ್ಲಕ್ಕೂ ಮೂರು ತಿಂಗಳು ಮೊದಲೇ ಓಡಾಡಬೇಕು. ಮೂರನೆಯದು ಪ್ರಯಾಣ. ಬೆಂಗಳೂರಿನವರು ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದರು. ಅಲ್ಲಿಂದ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ. ಮುಂಬಯಿಯವರು ಹುಬ್ಬಳ್ಳಿಯ ಮೇಲೆ ಬಂದರು. ನೆನಪಿನ ಕಾಣಿಕೆಗೆಂದು ಸೊರಬದ ಗುಡಿಗಾರರ ಕೈಯಲ್ಲಿ ಪುಟ್ಟ ಮರದ ಶಿಲುಬೆಗಳನ್ನು ಮಾಡಿಸಿದೆವು.

ದೂರದಿಂದ ಬಂದವರಿಗೆ ಬೇಸರವಾಗಬಾರದೆಂದು ಮದುವೆಯ ಬೆಳಿಗ್ಗೆ 7 ಗಂಟೆಗೆ ಒಂದು ಮಿನಿ ಬಸ್ಸನ್ನು ಬಳ್ಳಿಗಾವಿಗೆ ಗೊತ್ತುಮಾಡಿದ್ದೆ. ಒಂದು ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿದ್ದ, ಅಲ್ಲಮಪ್ರಭುವಿನ ನೆನಪಿರುವ ಊರದು. ಕೇದಾರೇಶ್ವರ ದೇಗುಲದ ಶಿಲ್ಪವನ್ನು ನೋಡಿ ಅವರು 10ಕ್ಕೆ ಮರಳಬೇಕು, ಹತ್ತೂವರೆಗೆ ಬಲಿಪೂಜೆ. ಅಮ್ಮನಿಗೆ ಕಾರು. ನನ್ನ ಪಟ್ಟಿಯಲ್ಲಿ ಲೋಪವಿಲ್ಲವೆಂದು ಹೆಮ್ಮೆಪಟ್ಟಿದ್ದೆ.

ಒಂಬತ್ತು ಗಂಟೆಗೆ ಕಾರಿನ ಚಾಲಕನ ಕರೆ ಬಂತು. ಅಮ್ಮ ಜಗಲಿಯಿಂದ ಏಳುತ್ತಿಲ್ಲ. ಅವರ ಸುತ್ತ ನೆರೆಯ ಹದಿನೈದು ಹೆಂಗಸರು ಸಿಂಗರಿಸಿಕೊಂಡು ಕುಳಿತಿದ್ದಾರೆ. ಅಮ್ಮ ಹಾಸಿಗೆ ಹಿಡಿದಿದ್ದಾಗ ಸರದಿಯಂತೆ ಗಂಜಿ ಕಾಸಿ ಕುಡಿಸಿದವರು ಅವರೇ. ನಾನೇ ಮನೆಮನೆಗೆ ಹೋಗಿ ಕರೆದಿದ್ದೆ. ಆದರೆ ಅವರು ಹೇಗೆ ಬರುವರೆಂದು ಒಮ್ಮೆಯೂ ಯೋಚಿಸಿರಲಿಲ್ಲ. “ಇವರನ್ನು ಬಿಟ್ಟು ನಾನೊಬ್ಬಳೇ ಕಾರು ಹತ್ತಲಾರೆ” ಎಂದರಂತೆ ಅಮ್ಮ.

ನನಗೆ ಮಾತು ಹೊರಡಲಿಲ್ಲ. ಅರ್ಧ ಅಲಂಕಾರದಲ್ಲಿದ್ದ ವಧುವೇ ಫೋನು ತೆಗೆದುಕೊಂಡು ಬಳ್ಳಿಗಾವಿಯಲ್ಲಿದ್ದ ವರನ ಅಣ್ಣನಿಗೆ ವಿಷಯ ತಿಳಿಸಿದಳು. ಸೊರಬದ ಕಡೆಗೆ ನಮಗಿಂತ ಅವರೇ ಹತ್ತಿರ. ಬಸ್ಸು ಹಳ್ಳಿಗೆ ಹೊರಟಿತು. ಮುಂಬಯಿಯ ಬಂಧುಗಳು ಅದು ತಿರುಗಿ ಬರುವವರೆಗೆ ದೇಗುಲದ ಅಂಗಳದಲ್ಲೇ ಕಾದರು. ಗುರುಗಳು ಪೂಜೆಯನ್ನು ಒಂದು ಗಂಟೆ ಮುಂದೂಡಿದರು. ಕೊನೆಗೆ ಬಸ್ಸು ಬಂದಾಗ ಅತಿಥಿಗಳಲ್ಲಿ ಗಂಡಸರೆಲ್ಲ ನಿಂತಿದ್ದರು, ಹಳ್ಳಿಯ ಹೆಂಗಸರು ಕುಳಿತಿದ್ದರು. ಅಮ್ಮ ಅವರೊಂದಿಗೇ ಮುಂದಿನ ಆಸನದಲ್ಲಿದ್ದರು. ಕಾರು ಖಾಲಿಯಾಗಿ ಹಿಂದೆ ಬಂತು.

ಸಂತ ಯೊವಾನ್ನರ ಶುಭಸಂದೇಶದ ಎರಡನೆಯ ಅಧ್ಯಾಯದ ಕಾನಾ ಊರಿನ ಮದುವೆಯನ್ನು ನೆನೆಯಿರಿ. ಅಲ್ಲಿಯೂ ಔತಣದ ಮೇಲ್ವಿಚಾರಕನೊಬ್ಬನಿದ್ದ. ಆದರೆ ದ್ರಾಕ್ಷಾರಸ ತೀರಿದೆಯೆಂದು ಯೇಸುಸ್ವಾಮಿಗೆ ಹೇಳಿದವರು ಮಾತೆ ಮರಿಯಮ್ಮನವರು. ಆ ದಿನ ಶಿಕಾರಿಪುರದಲ್ಲಿ ಮೇಲ್ವಿಚಾರಕ ನಾನಾಗಿದ್ದೆ; ಕೊರತೆಯನ್ನು ಕಂಡವರು ನನ್ನ ತಾಯಿ.

ಆದುದರಿಂದ ವಾಚಕರೇ, ನಿಮ್ಮ ಮನೆಯ ಮದುವೆ ಗೋವೆಯಲ್ಲಿರಲಿ, ಗದ್ದೆಯ ಬದಿಯಲ್ಲಿರಲಿ, ಪಟ್ಟಿ ಬರೆಯಲು ಕುಳಿತಾಗ ವಿಮಾನದಲ್ಲಿ ಬರುವವರ ಹೆಸರಿಗಿಂತ ಮೊದಲು, ಬಸ್ಸಿಲ್ಲದೆ ಬರಲಾಗದವರ ಹೆಸರನ್ನು ಬರೆಯಿರಿ. ನಾನು ಅದನ್ನು ಮರೆತಿದ್ದೆ.