ಕಿಟ್‌ನಲ್ಲಿ ಜೋಳ ಬೇಕು

7 ಏಪ್ರಿಲ್ 2020, ಶಿರೂರ ಅನಂತಪಾಳ (ಲಾತೂರು ಜಿಲ್ಲೆ, ಮಹಾರಾಷ್ಟ್ರ)

ಲಾಕ್‌ಡೌನ್ ಶುರುವಾಗಿ ಎರಡು ವಾರ. ನಮ್ಮ ಗುಂಪಿನವರು ಇವತ್ತೂ ಕಿಟ್ ಹಂಚಿದೆವು: ಗೋಧಿ ಹಿಟ್ಟು, ಅಕ್ಕಿ, ಸಕ್ಕರೆ, ಚಹಾಪುಡಿ, ಎಣ್ಣೆ, ಬಿಸ್ಕಿಟು. ಓಣಿ ಕೊನೆಯ ಮನೆಯ ಆಯಿ ಚೀಲ ಬಿಚ್ಚಿ ನೋಡಿ, “ಯವ್ವಾ, ಜ್ವಾಳ ಇಲ್ಲೇನು? ನನಗ ಶುಗರ್ ಅದ” ಅಂದಳು. ಆಕೆಯ ಕೈಗೆ ಸಕ್ಕರೆ, ಬಿಸ್ಕಿಟು ಎರಡನ್ನೂ ಕೊಟ್ಟು ಬಂದೆವಲ್ಲ!

ಮುಂಗಾರಿ ಜೋಳದ ಹೊಲಕ್ಕೆಲ್ಲ ಸೋಯಾಬೀನ್ ಬಂದು ಎಷ್ಟೋ ವರ್ಷವಾಯಿತು. ಆದರೂ ಹಿಂಗಾರಿ ಜೋಳ ಬಿತ್ತುವವರು ಇದ್ದಾರೆ. ಈಗಷ್ಟೇ ರಾಶಿ ಮುಗಿದು ಅವರ ಮನೆಗಳಲ್ಲಿ ಚೀಲ ಒಟ್ಟಿವೆ. ಲಾತೂರಿನ ದಾಲ್ ಮಿಲ್ಲುಗಳಿಂದ ತೊಗರಿಬೇಳೆ ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಚೀಲದಲ್ಲಿ ಮಾತ್ರ ಜೋಳವೂ ಇಲ್ಲ, ಬೇಳೆಯೂ ಇಲ್ಲ. ಕೇಂದ್ರ ಸರಕಾರ ತಲೆಗೆ 5 ಕಿಲೋ ಪುಕ್ಕಟೆ ಧಾನ್ಯದ ಜೊತೆ ಕಾರ್ಡಿಗೆ 1 ಕಿಲೋ ಬೇಳೆ ಅಂತಲೂ ಸಾರಿದೆ. ಅದು ಬೇಗ ಕೈಗೆ ಬರಬೇಕು.

12 ಏಪ್ರಿಲ್

ರಾಜ್ಯ ಸರಕಾರದ ಅಗ್ಗದ ಊಟ, ಶಿವಭೋಜನ ಥಾಳಿ, ಈಗ ತಾಲೂಕು ಮಟ್ಟಕ್ಕೂ ಬಂದಿದೆ. ಜನವರಿ 26ಕ್ಕೆ ಶುರುವಾದಾಗ 10 ರೂಪಾಯಿ ಇತ್ತು, ಈಗ 5. ಎರಡು ಚಪಾತಿ, 100 ಗ್ರಾಂ ಪಲ್ಯ, 100 ಗ್ರಾಂ ಬೇಳೆ, 150 ಗ್ರಾಂ ಅನ್ನ. ದುಡಿಯುವವನ ಹೊಟ್ಟೆಗೆ ಕಡಿಮೆಯೇ. ಆದರೆ ಬೇಳೆ-ಪಲ್ಯ ಎರಡೂ ಇರಲೇಬೇಕು ಅಂತ ತೂಕ ಗೊತ್ತುಮಾಡಿದ್ದಾರಲ್ಲ, ಅದು ದೊಡ್ಡ ಮಾತು. ನಮ್ಮ ಕಿಟ್‌ಗೆ ಅಂಥ ಯಾವ ಲೆಕ್ಕವೂ ಇಲ್ಲ. ಯಾರು ಏನು ಕೊಟ್ಟರೆ ಅದು.

20 ಏಪ್ರಿಲ್

ಕಬ್ಬು ಕಡಿಯುವವರು ಊರಿಗೆ ಮರಳಲು ಸರಕಾರ 17ಕ್ಕೆ ಪರವಾನಿಗೆ ಕೊಟ್ಟಿತು. ಇವತ್ತು ಹಾಗೆ ಮರಳಿದವರ ಒಂದು ಮನೆಗೆ ಅಂಗನವಾಡಿ ಬಾಯಿಯ ಜೊತೆ ಹೋಗಿದ್ದೆ. ಆಕೆ ಹೊಸ್ತಿಲಾಚೆ ನಿಂತು ತೋಳು ಅಳೆಯುವ ಪಟ್ಟಿ ಕೊಟ್ಟಳು. ತಾಯಿಯೇ ಕೂಸಿನ ಎಡತೋಳಿಗೆ ಸುತ್ತಿ, ಸಡಿಲ ಮಾಡಿ, ಮತ್ತೆ ಸುತ್ತಿದಳು. 12 ಸೆಂಟಿಮೀಟರು, ಹಳದಿ. ಹನ್ನೊಂದೂವರೆಗಿಂತ ಕೆಳಗಿಳಿದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಕೂಸಿನ ಇನ್ನೊಂದು ಕೈಯಲ್ಲಿ ನಮ್ಮದೇ ಬಿಸ್ಕಿಟು.

ಸಂಜೆ ಗುಂಪಿನವರ ಮುಂದೆ ಗಟ್ಟಿಯಾಗಿಯೇ ಹೇಳಿದೆ: ಬಿಸ್ಕಿಟಿನ ರೊಕ್ಕಕ್ಕೆ ಶೇಂಗಾ ತರೋಣ, ಮನೆಮನೆಯಿಂದ ಜೋಳ ಕೇಳೋಣ. “ಬಿಸ್ಕಿಟು ಕಂಡ್ರ ಹುಡುಗರು ನಗ್ತಾವ ಅಕ್ಕಾ” ಅಂದರು. ನಗಲಿ, ಶೇಂಗಾ-ಬೆಲ್ಲ ಕಂಡರೂ ನಗುತ್ತವೆ.

26 ಏಪ್ರಿಲ್, ಬಸವ ಜಯಂತಿ

ಮೆರವಣಿಗೆ ಇಲ್ಲ, ದಾಸೋಹದ ಪಂಕ್ತಿಯೂ ಇಲ್ಲ. ಪಂಕ್ತಿಗೆ ಎತ್ತಿಟ್ಟ ಜೋಳ, ತೊಗರಿಬೇಳೆಯನ್ನೇ ಕಿಟ್‌ಗೆ ಕೊಡಿ ಅಂತ ಕೇಳಿದೆವು. ಯಾರೂ ಇಲ್ಲ ಅನ್ನಲಿಲ್ಲ. ಒಬ್ಬಾಕೆ ಗುರೆಳ್ಳು ಹಿಂಡಿಯನ್ನೂ ಕುಟ್ಟಿ ಕೊಟ್ಟಳು, ಬೆಳ್ಳುಳ್ಳಿ ಘಮ ಚೀಲ ದಾಟಿ ಬರುತ್ತಿತ್ತು.

ಚಿಗವ್ವ 1972ರ ಬರ ನೆನೆದಳು. ಖಡಿ ಒಡೆಯುವ ಕೆಲಸದ ಮೇಲೆ ಸುಕಡಿ ಎಂಬ ಪೌಷ್ಟಿಕ ಆಹಾರ ಹಂಚುತ್ತಿದ್ದರು. ರೇಷನ್ನಿಗೆ ಅಮೆರಿಕದ ಕೆಂಪು ಮಿಲೋ ಜೋಳ. “ರೊಟ್ಟಿ ತಟ್ಟಿದ್ರ ಹರೀತಿತ್ತು. ಅದನ್ನ ತಿಂದ ಬದುಕೀವಿ. ಆಗ ಹೊಲದಾಗ ಏನೂ ಇದ್ದಿಲ್ಲ, ಈಗ ಅದ ಅಲ್ಲಾ?” ಅಂದಳು.

ಗಿರಣಿಯವರು ಬೆಳಿಗ್ಗೆ ಏಳಕ್ಕೆ ಬೀಸಿಕೊಡುತ್ತಾರೆ, ಬೀಸೋದಕ್ಕೆ ರೊಕ್ಕ ಬೇಡವಂತೆ. ಮೊದಲ ಹಿಟ್ಟು ಶುಗರ್ ಇರುವ ಆಯಿಯ ಮನೆಗೆ. ಶೇಂಗಾ, ಬೇಳೆ ಕಬ್ಬಿನಿಂದ ಬಂದವರ ಮನೆಗೆ. ತೊಪ್ಪಲಪಲ್ಯಕ್ಕೆ ಬಾವಿ ನೀರು ಇರುವ ಹೊಲದವರನ್ನು ನಾಳೆ ಕೇಳಬೇಕು.