ಪುಲ್ಪಳ್ಳಿ ಪೇಟೆಗೆ ಸೀರೆಯುಟ್ಟು

ಗಂಡಸೊಬ್ಬ ಮೊದಲ ಸಲ ಸೀರೆಯುಟ್ಟು ಬೀದಿಗಿಳಿಯಬೇಕೆಂದರೆ ಊರು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಪರಿಚಯದವರು ಎದುರಾಗದಷ್ಟು ದೂರವಿರಬೇಕು, ಏನಾದರೂ ತೊಂದರೆಯಾದರೆ ಅದೇ ದಿನ ಮನೆ ಸೇರುವಷ್ಟು ಹತ್ತಿರವೂ ಇರಬೇಕು. ಹೊರಗಿನವರನ್ನು ಕಂಡು ರೂಢಿಯಿರುವ ಪೇಟೆಯಾಗಿರಬೇಕು. ಜನ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿರಬೇಕು. ಮೈಸೂರಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ವರ್ಷಗಟ್ಟಲೆ ಸೀರೆಯುಟ್ಟ ನನಗೆ ಈ ಲೆಕ್ಕಕ್ಕೆಲ್ಲ ಹೊಂದಿದ್ದು ವಯನಾಡಿನ ಪುಲ್ಪಳ್ಳಿ. ಜೊತೆಗೆ ಬಂದದ್ದು ಹೆಂಡತಿ. ಕನ್ನಡಿಯ ಮುಂದೆ ಎಲ್ಲ ಸಿದ್ಧ ಮಾಡಿಕೊಂಡು, ಚಿಲಕದ ಮೇಲೆ ಕೈಯಿಟ್ಟು, ಮತ್ತೆ ಒಳಗೆ ಹೋಗಿ ಸೀರೆ ಬಿಚ್ಚಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ವಯನಾಡೆಂದರೆ ಮಳೆ ಎಂದೇ ನಮ್ಮ ಎಣಿಕೆ. ಆದರೆ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಮೈಸೂರು ಸೀಮೆಗೆ ಮುಖ ಮಾಡಿರುವ ಪುಲ್ಪಳ್ಳಿ, ಮುಳ್ಳಂಕೊಲ್ಲಿಗಳಲ್ಲಿ ಮಳೆ ಕಡಿಮೆ. ಬೇಸಿಗೆಯಲ್ಲಿ ಬರದ ಸುದ್ದಿ ಬರುವುದೂ ಆ ಕಡೆಯಿಂದಲೇ. ನಾವು ಜನವರಿಯಲ್ಲಿ ಹೊರಟದ್ದಕ್ಕೆ ಇದೇ ಕಾರಣ. ತಂಪಾದ ಒಣಹವೆಯಲ್ಲಿ ಮುಖಕ್ಕೆ ಹಚ್ಚಿದ್ದು ಕರಗುವುದಿಲ್ಲ, ವಿಗ್ಗಿನ ಕೆಳಗೆ ನೆತ್ತಿ ಬೆವರುವುದಿಲ್ಲ, ಸೀರೆಯಂಚಿಗೆ ಕೆಸರು ಮೆತ್ತುವುದಿಲ್ಲ. ಕರಾವಳಿಯ ಸೆಕೆಯನ್ನೂ ಜುಲೈ ತಿಂಗಳ ಮಳೆಯನ್ನೂ ಮೊದಲ ಸಲಕ್ಕೆ ಇಟ್ಟುಕೊಳ್ಳಬೇಡಿ.

ತಯಾರಿ ಮನೆಯಲ್ಲೇ ಶುರುವಾಗಿತ್ತು. ಸೀರೆ ಯಾರಿಗಾದರೂ ಆಗುತ್ತದೆ, ರವಿಕೆ ಆಗುವುದಿಲ್ಲ. ಗಂಡಸಿನ ಹೆಗಲು ಅಗಲ. ಹೆಂಡತಿಯ ರವಿಕೆಯ ಹೊಲಿಗೆ ಬಿಚ್ಚಿ ಸಡಿಲಿಸಿದರೂ ಕಂಕುಳಲ್ಲಿ ಹಿಡಿಯುತ್ತದೆ. ನಮ್ಮ ಬಡಾವಣೆಯಿಂದ ದೂರದ ಟೈಲರ್ ಹತ್ತಿರ ಅವಳೇ ಅಳತೆ ಬರೆದುಕೊಂಡು ಹೋಗಿ, ಮೊಣಕೈವರೆಗೆ ತೋಳಿಟ್ಟು, ಕತ್ತು ಮುಚ್ಚುವ ಹಾಗೆ ಹೊಲಿಸಿ ತಂದಳು. ಚಪ್ಪಲಿಯದು ಇನ್ನೊಂದು ಪಾಡು. ಹೆಂಗಸರ ಚಪ್ಪಲಿಯಲ್ಲಿ ದೊಡ್ಡ ಅಳತೆ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಆನ್‌ಲೈನ್‌ನಲ್ಲಿ ತರಿಸಿದ ಚಪ್ಪಟೆ ಅಟ್ಟೆಯ ಜೋಡಿಯನ್ನು ಮನೆಯೊಳಗೇ ಹಾಕಿಕೊಂಡು ಓಡಾಡಿ ಪಳಗಿಸಿದೆ. ಹಿಮ್ಮಡಿ ಎತ್ತರದ್ದು ಮೊದಲ ಸಲಕ್ಕೆ ಬೇಡವೇ ಬೇಡ.

ಸೀರೆಯುಟ್ಟು ಮೆಟ್ಟಿಲು ಹತ್ತಿಳಿಯುವುದು, ಕಾರಿನ ಸೀಟಿನಲ್ಲಿ ಮೊದಲು ಕೂತು ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದುಕೊಳ್ಳುವುದು, ಕೆಳಗೆ ಬಿದ್ದದ್ದನ್ನು ಮಂಡಿ ಬಗ್ಗಿಸಿ ಎತ್ತಿಕೊಳ್ಳುವುದು, ಇವನ್ನೆಲ್ಲ ಮನೆಯಲ್ಲೇ ರೂಢಿ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಜೇಬಿನ ಅಭ್ಯಾಸ. ಶರ್ಟಿನ ಜೇಬಿನಲ್ಲಿ ಮೊಬೈಲು ಹುಡುಕುವ ಕೈ ಸೀರೆಯುಟ್ಟಾಗಲೂ ಎದೆಗೇ ಹೋಗುತ್ತಿತ್ತು. ಹೆಗಲಿಗೊಂದು ಬ್ಯಾಗು ಹಾಕಿ, ಅದರ ಪಟ್ಟಿ ಹಿಡಿದುಕೊಳ್ಳುವುದನ್ನು ಕಲಿತ ಮೇಲೆ ಅದು ಬಿಟ್ಟುಹೋಯಿತು.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರದ ಕಾಡು, ಮುತ್ತಂಗ, ಸುಲ್ತಾನ್ ಬತ್ತೇರಿ. ಅಲ್ಲಿಂದ ಬಲಕ್ಕೆ ಚೆದಲಯದ ಕಾಡು ದಾಟಿದರೆ ಪುಲ್ಪಳ್ಳಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಹಾಗಾಗಿ ಹೋಗುವ, ಬರುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ದಾರಿಯುದ್ದಕ್ಕೂ ನಾನಿದ್ದದ್ದು ಪ್ಯಾಂಟು ಶರ್ಟಿನಲ್ಲೇ. ಚೆಕ್‌ಪೋಸ್ಟಿನಲ್ಲಾಗಲಿ ತಂಗುವ ಕಡೆಯ ರಿಜಿಸ್ಟರಿನಲ್ಲಾಗಲಿ ಆಧಾರ್ ಕಾರ್ಡಿನ ಫೋಟೋಗೂ ಮುಖಕ್ಕೂ ತಾಳೆಯಾದರೆ ಪ್ರಶ್ನೆ ಏಳುವುದಿಲ್ಲ. ರೂಮು ಸೇರಿದ ಮೇಲೆ ಉಡುಪು ಬದಲಿಸಿ. ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಬದಲಿಸುವ ಯೋಚನೆ ಬೇಡ. ಒಳಗೆ ಹೋದವರೊಬ್ಬರು, ಹೊರಗೆ ಬಂದವರೊಬ್ಬರು ಎಂದಾದರೆ ಯಾರಿಗೂ ಗಾಬರಿಯಾಗುತ್ತದೆ.

ಹೋಮ್‌ಸ್ಟೇ ನಡೆಸುವ ಚೇಚಿಗೆ ಹೆಂಡತಿ ಮೊದಲೇ ಫೋನ್ ಮಾಡಿ, ‘ನಮ್ಮ ಯಜಮಾನರು ಸೀರೆ ಉಡ್ತಾರೆ, ನಿಮಗೇನಾದ್ರೂ ತೊಂದರೆ ಇದೆಯಾ’ ಎಂದು ನೇರವಾಗಿ ಕೇಳಿದ್ದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಕೆ ಕೇಳಿದ್ದು, ರಾತ್ರಿ ಊಟಕ್ಕೆ ಮೀನು ಆಗುತ್ತದೆಯೇ ಎಂದು. ಎಲ್ಲರೂ ಹೀಗೇ ಇರುತ್ತಾರೆಂದು ಹೇಳಲಾರೆ. ಆದರೆ ಬೇಡ ಎನ್ನುವವರಿದ್ದರೆ ಅದು ಫೋನಿನಲ್ಲೇ ಗೊತ್ತಾಗುವುದು ಒಳ್ಳೆಯದು.

ಮರುದಿನ ಬೆಳಿಗ್ಗೆ ಬಿಸಿನೀರಿನ ಸ್ನಾನವಾದ ಮೇಲೆ ಗಡ್ಡ ಹೆರೆದುಕೊಂಡೆ. ಮೊದಲು ಕೂದಲು ಬೆಳೆದ ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ. ಎಷ್ಟು ನುಣ್ಣಗೆ ಹೆರೆದರೂ ಗದ್ದದಲ್ಲಿ ಹಸಿರುನೀಲಿ ಛಾಯೆಯೊಂದು ಉಳಿಯುತ್ತದೆ. ಅದರ ಮೇಲೆ ಬರೀ ಪೌಡರು ಹಾಕಿದರೆ ಬೂದಿ ಬಳಿದಂತೆ ಕಾಣುತ್ತದೆ. ಅದಕ್ಕೆ ಮದ್ದು ಕಿತ್ತಳೆಗೆಂಪಿನ ಲಿಪ್‌ಸ್ಟಿಕ್. ಬೆರಳ ತುದಿಗೆ ಚೂರೇ ಚೂರು ತೆಗೆದುಕೊಂಡು ಗದ್ದಕ್ಕೂ ಮೀಸೆಯ ಜಾಗಕ್ಕೂ ಒತ್ತಿ ಒತ್ತಿ ಹಚ್ಚಬೇಕು, ಉಜ್ಜಬಾರದು. ನೀಲಿ ಮರೆಯಾಗುತ್ತದೆ. ಅದು ಕೂತ ಮೇಲೆ ಚರ್ಮದ ಬಣ್ಣದ ಫೌಂಡೇಶನ್, ಮೇಲೆ ತೆಳ್ಳಗೆ ಪೌಡರು. ಕಣ್ಣಿಗೆ ಒಂದೆಳೆ ಕಾಡಿಗೆ, ಹಣೆಗೆ ಸಣ್ಣ ಸ್ಟಿಕ್ಕರು. ನಡುವಯಸ್ಸಿನ ಹೆಂಗಸು ಬೆಳಿಗ್ಗೆ ಹತ್ತು ಗಂಟೆಗೆ ಪೇಟೆಗೆ ಹೊರಡುವಾಗ ಎಷ್ಟು ಅಲಂಕಾರ ಮಾಡಿಕೊಳ್ಳುತ್ತಾಳೋ ಅಷ್ಟೇ. ಬಹುದಿನದ ಆಸೆಯೆಂದು ರೇಷ್ಮೆ ಸೀರೆ, ಝುಮುಕಿ, ಕಡುಗೆಂಪು ತುಟಿಯಲ್ಲಿ ಹೊರಟರೆ ಮದುವೆಮನೆಯಿಲ್ಲದ ಬೀದಿಯಲ್ಲಿ ಎಲ್ಲರ ಕಣ್ಣೂ ಅಲ್ಲೇ ನಿಲ್ಲುತ್ತದೆ. ನಾನು ಉಟ್ಟದ್ದು ಬೂದು ಬಣ್ಣದ ಹತ್ತಿಸೀರೆ. ಲಂಗದ ಲಾಡಿ ಬಿಗಿಯಾಗಿ ಕಟ್ಟಿ, ನೆರಿಗೆಗೊಂದು, ಹೆಗಲ ಮೇಲೆ ಸೆರಗಿಗೊಂದು ಪಿನ್ನು. ಎರಡು ಪಿನ್ನು ಹೆಚ್ಚಿಗೆ ಬ್ಯಾಗಿನಲ್ಲಿ.

ಹೊರಡುವ ಹೊತ್ತಿಗೆ ಕಾಲು ನಡುಗಿತು. ಹೆಂಡತಿ ಕೈಗೊಂದು ಬಟ್ಟೆ ಚೀಲ ಕೊಟ್ಟಳು. ‘ಸುಮ್ನೆ ಅಡ್ಡಾಡ್ಕೊಂಡು ಬರೋಣ ಅಂತ ಹೋದ್ರೆ ಎಲ್ಲಾ ನನ್ನೇ ನೋಡ್ತಿದಾರೆ ಅನ್ಸುತ್ತೆ. ಮೆಣಸು ತರಬೇಕು ಅಂತ ಹೋಗೋಣ’ ಎಂದಳು. ಆ ಪ್ರವಾಸದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಮಾತು ಇದೇ. ಹೊರಗೆ ‘ರೀ’ ಬಿಟ್ಟು ‘ಅಕ್ಕ’ ಎಂದು ಕರೆಯುವುದೆಂದು ಮಾತಾಯಿತು. ಅವಳು ‘ತಲೆನೋವು’ ಎಂದರೂ ನಾನು ‘ತಲೆನೋವು’ ಎಂದರೂ ತಕ್ಷಣ ರೂಮಿಗೆ ವಾಪಸ್ಸು, ಮಧ್ಯೆ ಚರ್ಚೆ ಇಲ್ಲ.

ಪುಲ್ಪಳ್ಳಿ ಕರಿಮೆಣಸಿನ ಊರು. ಬಳ್ಳಿಗಳಿಗೆ ಸೊರಗು ರೋಗ ಬಂದು ಹಿಂದಿನ ವೈಭವ ಇಳಿದಿದ್ದರೂ ಪೇಟೆಯಲ್ಲಿ ಮೆಣಸು, ಕಾಫಿ, ಅಡಿಕೆ ಕೊಳ್ಳುವ ಅಂಗಡಿಗಳು ಸಾಲಾಗಿವೆ. ಮಲಯಾಳ ಬರದ ಕಾರಣ ಹೆಚ್ಚು ಮಾತು ಬೇಕಿಲ್ಲ ಎಂಬುದು ನನ್ನ ಧೈರ್ಯ. ಆದರೆ ನಾವು ಹತ್ತಿದ ಅಂಗಡಿಯವರು ನಮ್ಮಿಬ್ಬರ ಮಾತು ಕೇಳಿಸಿಕೊಂಡು ಕನ್ನಡದಲ್ಲೇ ಶುರು ಮಾಡಿದರು: ‘ಮೈಸೂರಾ? ನಾನು ಎಚ್.ಡಿ. ಕೋಟೇಲಿ ಶುಂಠಿ ಹಾಕಿದ್ದೆ.’ ವಯನಾಡಿನ ರೈತರು ನಮ್ಮ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವುದು ಹೊಸದಲ್ಲ. ‘ನಿಮಗೂ ಬೇಕಾ?’ ಎಂದು ನನ್ನ ಕಡೆ ತಿರುಗಿದರು. ‘ಅರ್ಧ ಕೆ.ಜಿ.’ ಎಂದೆ. ದನಿಯನ್ನು ಕೀರಲು ಮಾಡಲಿಲ್ಲ, ತಗ್ಗಿಸಿ ನಿಧಾನವಾಗಿ ಹೇಳಿದೆ ಅಷ್ಟೆ. ಅವರು ತಲೆಯೆತ್ತಿ ಒಮ್ಮೆ ನೋಡಿದರು. ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಆಮೇಲೆ ಮೆಣಸು ತೂಗಿದರು, ಕಾಗದದ ಪೊಟ್ಟಣ ಕಟ್ಟಿದರು, ಚಿಲ್ಲರೆ ಕೊಟ್ಟರು. ನನ್ನೊಳಗಿದ್ದ ಭಯದ ದೊಡ್ಡ ಪಾಲು ಆ ತಕ್ಕಡಿಯ ಮುಂದೆ ಇಳಿಯಿತು. ಹೆಂಗಸೆಂದು ಎಲ್ಲರನ್ನೂ ನಂಬಿಸುವುದು ನನ್ನ ಕೆಲಸವಾಗಿರಲಿಲ್ಲ. ಮೆಣಸು ಕೊಳ್ಳುವುದು ಕೆಲಸವಾಗಿತ್ತು, ಅದು ಆಯಿತು.

ಎಲ್ಲವೂ ಹೀಗೆ ಸಲೀಸಲ್ಲ. ಮುಂದಿನ ತಿರುವಿನಲ್ಲಿ ಇಬ್ಬರು ಹುಡುಗರು ನಕ್ಕರು, ಒಬ್ಬ ಮೊಬೈಲು ಎತ್ತಿದ. ಹೆಂಡತಿ ಹುಡುಗರಿದ್ದ ಬದಿಗೆ ಬಂದು ನಡೆದಳು. ನಾವು ಓಡಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ, ಪಕ್ಕದ ದಿನಸಿ ಅಂಗಡಿಗೆ ಹತ್ತಿ ಸೋಪು ಕೊಂಡೆವು. ಜನವಿರುವ ಅಂಗಡಿಯೇ ಇಂಥ ಹೊತ್ತಿನ ಆಸರೆ. ನಿರ್ಜನ ದಾರಿ, ಕತ್ತಲೆ, ಕುಡಿದವರಿರುವ ಜಾಗ, ಈ ಮೂರನ್ನೂ ದೂರವಿಡಿ. ಮಿತಿ ಮೀರಿದರೆ 112ಕ್ಕೆ ಕರೆ ಮಾಡಿ.

ಪೇಟೆಯ ಹತ್ತಿರವೇ ಸೀತಾದೇವಿ, ಲವಕುಶರ ಗುಡಿ. ಸೀತೆ ಮಕ್ಕಳನ್ನು ಹೆತ್ತದ್ದು ಈ ಕಾಡಿನಲ್ಲಿ ಎಂಬ ನಂಬಿಕೆ. ಭೂಮಿಗಿಳಿಯುತ್ತಿದ್ದ ಆಕೆಯ ಜಡೆಯನ್ನು ರಾಮ ಹಿಡಿದಾಗ ಅದು ಕಿತ್ತು ಕೈಗೆ ಬಂತೆಂಬ ಜಾಗವೂ ಪುಲ್ಪಳ್ಳಿಯಲ್ಲೇ ಇದೆ. ನಾವು ಹೊರಗಿನಿಂದಲೇ ಕೈಮುಗಿದೆವು. ಕೇರಳದ ಗುಡಿಗಳಲ್ಲಿ ಗಂಡಸಿಗೊಂದು, ಹೆಂಗಸಿಗೊಂದು ಉಡುಪಿನ ಕಟ್ಟಳೆ ಇರುತ್ತದೆ. ಮೊದಲ ಸಲ ಹೊರಟವರು ಅಲ್ಲಿಯವರನ್ನೂ ತಮ್ಮನ್ನೂ ಇಕ್ಕಟ್ಟಿಗೆ ಸಿಕ್ಕಿಸಬಾರದು. ಬಸ್ಸಿನ ಹೆಂಗಸರ ಸೀಟು, ಹೆಂಗಸರ ಶೌಚಾಲಯಕ್ಕೂ ಇದೇ ಮಾತು. ರೂಮಿನಲ್ಲೇ ಮುಗಿಸಿ ಹೊರಡಿ, ಎರಡು ಮೂರು ಗಂಟೆಯೊಳಗೆ ಮರಳಿ. ನಮ್ಮ ಕಡೆಯ ಬಸ್ಸಿನಲ್ಲಾದರೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಕೇಳದೆ ದುಡ್ಡು ಕೊಟ್ಟೇ ಟಿಕೆಟ್ ತೆಗೆದುಕೊಳ್ಳಿ.

ಆಮೇಲೆ ಮಾವಿಲಾಂತೋಡಿಗೆ ಹೋದೆವು. ಬ್ರಿಟಿಷರ ವಿರುದ್ಧ ಹೋರಾಡಿದ ಪಳಶ್ಶಿ ರಾಜ 1805ರ ನವೆಂಬರ್ 30ರಂದು ಮಡಿದ ಜಾಗ. ಸ್ಮಾರಕದ ಬಳಿ ನೆರಳಲ್ಲಿ ಕೂತು ಮಾತಾಡಿದ್ದು, ಗಂಡಸರು ಹೆಂಗಸರ ಉಡುಪು ತೊಡುವುದು ನಮ್ಮ ಸುತ್ತಲಿನ ನೆಲಕ್ಕೆ ಹೊಸದಲ್ಲ ಎಂಬ ಬಗ್ಗೆ. ಪುಲ್ಪಳ್ಳಿಯ ಹಾಡಿಗಳ ಕಾಟುನಾಯಕರಿಗೆ ನಮ್ಮ ಜೇನುಕುರುಬರೊಂದಿಗೆ ಹತ್ತಿರದ ನಂಟು, ಅವರ ಮಾತಿಗೆ ಕನ್ನಡದ ಸೋಂಕು. ಗಡಿಯಾಚೆ ದಕ್ಷಿಣ ಕೊಡಗಿನ ದೇವರಪುರದಲ್ಲಿ ಪ್ರತಿ ಮೇ ತಿಂಗಳಲ್ಲಿ ಕುಂಡೆ ಹಬ್ಬ. ಜೇನುಕುರುಬ, ಯರವ ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಬಣ್ಣ ಬಳಿದುಕೊಂಡು, ಡಬ್ಬ ಬಡಿಯುತ್ತ, ತಮ್ಮನ್ನು ಕಾಡಿಗೆ ಕರೆದೊಯ್ದು ನಡುವೆಯೇ ಬಿಟ್ಟು ಭದ್ರಕಾಳಿಯ ಜೊತೆ ಹೋದ ದೇವರನ್ನು ಬೈದು ಹಾಡುತ್ತಾರೆ. ಕೊಲ್ಲಂ ಜಿಲ್ಲೆ ಚವರದ ಕೊಟ್ಟಂಕುಳಂಗರ ದೇವಿಯ ಗುಡಿಯಲ್ಲಿ ಮೀನ ಮಾಸದ 10 ಮತ್ತು 11ರಂದು, ಅಂದರೆ ಮಾರ್ಚ್ ಕೊನೆಯ ವಾರದ ಹೊತ್ತಿಗೆ, ಚಮಯವಿಳಕ್ಕು ನಡೆಯುತ್ತದೆ. ಸಾವಿರಾರು ಗಂಡಸರು ಹರಕೆ ಹೊತ್ತು ಸೀರೆಯುಟ್ಟು, ಮಲ್ಲಿಗೆ ಮುಡಿದು, ದೀಪ ಹಿಡಿದು ರಾತ್ರಿಯೆಲ್ಲ ನಿಲ್ಲುತ್ತಾರೆ. ಸೆರಗು ಸರಿಮಾಡುವವರು ಅವರದೇ ತಾಯಿ, ಹೆಂಡತಿಯರು. ಒಬ್ಬರೇ ಹೊರಡಲು ಧೈರ್ಯ ಸಾಲದವರಿಗೆ ಆ ರಾತ್ರಿಗಿಂತ ಒಳ್ಳೆಯ ಶುರುವಿಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ತಲೆದೂಗಿದ ನಾಡು ನಮ್ಮದು. ಜೋಗತಿ ಮಂಜಮ್ಮ ಪದ್ಮಶ್ರೀ ಸ್ವೀಕರಿಸಲು 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ, ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೋಡಿ ನಾವು ಹೆಮ್ಮೆಪಟ್ಟಿದ್ದೇವೆ.

ಕಾನೂನೂ ನಮ್ಮ ವಿರುದ್ಧವಿಲ್ಲ. ಒಂದು ಕಾಲದಲ್ಲಿ ಇತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಪ್ರಕಾರ ಪಟ್ಟಿಗೆ ಸೇರಿಸಿದ ಹಿಜಡಾಗಳು ಹೆಂಗಸರ ಉಡುಪಿನಲ್ಲಿ ಬೀದಿಗೆ ಬಂದರೆ ವಾರೆಂಟ್ ಇಲ್ಲದೆ ಬಂಧಿಸಬಹುದಿತ್ತು. ಅದೇ ಬಗೆಯ ನಿಜಾಮರ ಕಾಲದ ಕಾನೂನನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ಉಡುಪಿನ ಮೂಲಕ ತನ್ನ ಲಿಂಗಭಾವವನ್ನು ತೋರುವುದು ಸಂವಿಧಾನದ 19(1)(ಎ) ವಿಧಿಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕುರಿತ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಹೇಳಿತು. ಟ್ರಾನ್ಸ್‌ಜೆಂಡರ್ ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕೇರಳವೇ, 2015ರಲ್ಲಿ. ಸೀರೆಯುಡುವ ಎಲ್ಲರೂ ಟ್ರಾನ್ಸ್‌ಜೆಂಡರ್ ಅಲ್ಲ, ನಾನೂ ಅಲ್ಲ. ಆದರೆ ಅವರು ಏಟು ತಿಂದು ತೆರೆಸಿದ ದಾರಿಯಲ್ಲೇ ನಾವು ನಡೆಯುತ್ತಿರುವುದು. ಆ ಋಣ ಮರೆಯಬಾರದು.

ಮಾರನೆಯ ದಿನ ಪೆರಿಕ್ಕಲ್ಲೂರಿಗೆ ಹೋದೆವು. ಅಲ್ಲಿ ಕಬಿನಿಯೇ ಗಡಿ. ಎದುರು ದಡದಲ್ಲಿ ನಮ್ಮ ಬೈರಕುಪ್ಪೆ. ಸೇತುವೆಗೆ 1990ರ ದಶಕದಲ್ಲೇ ಶಂಕುಸ್ಥಾಪನೆಯಾದರೂ ಜನ ಇನ್ನೂ ದಾಟುವುದು ದೋಣಿಯಲ್ಲೇ. ದೋಣಿ ಹತ್ತಬೇಕೆಂದು ಅಂದು ಸೀರೆ ಬಿಟ್ಟು ಚೂಡಿದಾರ ಹಾಕಿ, ವೇಲಿಗೆ ಎರಡೂ ಹೆಗಲಲ್ಲಿ ಪಿನ್ನು ಚುಚ್ಚಿದ್ದೆ. ಹೊಳೆಯ ಗಾಳಿಗೆ ವಿಗ್ಗು ಅಲುಗದಂತೆ ವೇಲನ್ನೇ ತಲೆಗೂ ಹೊದ್ದುಕೊಂಡೆ. ‘ನಡುವೆ ಕೂತ್ಕೊಳ್ಳಿ, ಅಲ್ಲಾಡ್ಬೇಡಿ’ ಎಂದರು ದೋಣಿಯವರು. ಆ ದಡದ ಚಹಾದಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ‘ಯಾವೂರು?’ ಎಂದು ಕೇಳಿದರು. ‘ಮೈಸೂರು’ ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಒಳ್ಳೇದಾಗ್ಲಿ, ಬಿಸಿಲು ಏರೋಕೆ ಮುಂಚೆ ವಾಪಸ್ ದಾಟ್ಕೊಳಿ’ ಎಂದರು. ನನ್ನ ಭಾಷೆಯಲ್ಲಿ, ನನ್ನ ನಾಡಿನ ನೆಲದಲ್ಲಿ, ಈ ಉಡುಪಿನಲ್ಲಿ ಹೊರಗಿನವರೊಬ್ಬರೊಂದಿಗೆ ಮಾತಾಡಿದೆನಲ್ಲ ಎಂಬುದೇ ನನಗೆ ದೊಡ್ಡದಾಯಿತು.

ಮರಳುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿಯಿಂದ ಒರೆಸಿ, ಆಮೇಲೆ ಸೋಪಿನಲ್ಲಿ ಮುಖ ತೊಳೆದೆ. ಕಾಡಿಗೆ ರೆಪ್ಪೆಯ ಬುಡದಲ್ಲಿ ಉಳಿದುಬಿಡುತ್ತದೆ, ಅದಕ್ಕೆ ಎಣ್ಣೆ ಎರಡನೆಯ ಸಲ ಬೇಕು. ಸೋಮವಾರ ಕಚೇರಿಗೆ ಹೋಗಬೇಕಾದವರು ಮೆಹೆಂದಿ ಹಾಕಿಕೊಳ್ಳಬೇಡಿ. ಉಗುರು ಬಣ್ಣ ಹಚ್ಚಿದರೆ ಅದನ್ನು ತೆಗೆಯುವ ದ್ರಾವಣವೂ ಜೊತೆಗಿರಲಿ. ಫೋಟೋ ತೆಗೆದದ್ದು ಹೆಂಡತಿಯ ಮೊಬೈಲಿನಲ್ಲಿ ಮಾತ್ರ, ಯಾರಿಗೂ ಕಳಿಸಿಲ್ಲ. ಮನೆಯಲ್ಲಿ ಹೇಳಿಕೊಳ್ಳಲಾಗದೆ ಒಳಗೊಳಗೇ ಕುದಿಯುತ್ತಿರುವವರಿಗೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು.

ಬಟ್ಟೆ, ಬಣ್ಣ, ನಡಿಗೆ ಎಲ್ಲವನ್ನೂ ದುಡ್ಡು ಕೊಟ್ಟೋ ಅಭ್ಯಾಸದಿಂದಲೋ ಪಡೆಯಬಹುದು. ಜೊತೆಗಾರರು ಹಾಗೆ ಸಿಗುವುದಿಲ್ಲ. ಹೆಂಡತಿಯೋ ಅಕ್ಕನೋ ಗೆಳೆಯನೋ, ನಿಮ್ಮನ್ನು ಹಾಗೆಯೇ ಒಪ್ಪಿ ಪಕ್ಕದಲ್ಲಿ ನಡೆಯುವ ಒಬ್ಬರನ್ನು ಮೊದಲು ಹುಡುಕಿಕೊಳ್ಳಿ. ಆಮೇಲೆ ಒಂದು ಸಣ್ಣ ಕೆಲಸ ಗೊತ್ತು ಮಾಡಿ: ಮೆಣಸು ತರುವುದು, ಹೊಳೆ ದಾಟುವುದು, ಒಂದು ಲೋಟ ಚಹಾ ಕುಡಿಯುವುದು. ಆ ಕೆಲಸ ಮುಗಿಸಿ ಬನ್ನಿ. ಮೊದಲ ಸಲಕ್ಕೆ ಅಷ್ಟು ಸಾಕು.